ಬಾಮೈದ ಹಿಡಿದ ಹಗ್ಗ

ಮುಂದಿನ ಗಾಜಿನ ಹಿಂದೆ ಯಾರೂ ಇಲ್ಲ, ರೈಲು ಮಾತ್ರ ಹೋಗುತ್ತಲೇ ಇದೆ, ಕಾರಿನ ಪಕ್ಕಕ್ಕೇ, ಕಂಬಗಳ ಮೇಲೆ, ಮೈಗೊಂದು ನೀಲಿ ಗೆರೆ ಎಳೆದುಕೊಂಡು — ಓಡಿಸುವವನೇ ಇಲ್ಲದ ರೈಲು, ಮೊದಲ ದಿನ ಅದರೊಳಗೆ ಮೂತಿಯ ಹತ್ತಿರ ನಿಂತು ಹಳಿ ತನ್ನ ಕಡೆಗೇ ನುಗ್ಗಿ ಬರುವುದನ್ನು ನೋಡಿ ಮುತ್ತಿಯ ಕಾಲು ತಾನಾಗಿ ಹಿಂದಕ್ಕೆ ಸರಿದಿತ್ತು, ಇವತ್ತೂ ಮೈ ಜುಮ್ಮೆನ್ನುತ್ತದೆ, ಎಷ್ಟು ದಿನವಾದರೂ ಈ ಅರಬ್ ಊರು ಹಳತಾಗುವುದಿಲ್ಲ, ಕಣ್ಣು ಹಾಯಿಸಿದಲ್ಲೆಲ್ಲ ಗಾಜು, ಗಾಜಿನೊಳಗೆ ಎದುರಿನ ಕಟ್ಟಡದ ಗಾಜು, ಅದರೊಳಗೆ ಆಕಾಶ, ಆಕಾಶದೊಳಗೆ ಮತ್ತೆ ಇದೇ ರಸ್ತೆ, ರಸ್ತೆ ತುಂಬ ಇರುವೆ ಸಾಲು ಹೊರಟಂತೆ ಕಾರು — ಎಂತ ನೋಡುವುದು ಮಗಾ ಅಷ್ಟು, ಕಣ್ಣು ಕಳಚಿ ಬಿದ್ದೀತು, ಎಂದು ಹಲೀಮಕ್ಕ ಕನ್ನಡಿಯೊಳಗಿಂದ ಅಂದರು, ಸ್ಟೇರಿಂಗಿನ ಮೇಲೆ ಅವರ ಬೆರಳು ಕುಣಿಯುತ್ತಲೇ ಇದೆ, ನಾನು ಹೊಸತರಲ್ಲಿ ಇನ್ನೂ ಮರ್ಲು ಮಾರಾಯ್ತಿ, ಲಿಫ್ಟು ಮಾತಾಡಿದಾಗ ವಾಲೈಕುಂ ಸಲಾಂ ಹೇಳಿದವಳು, ಮೊಯ್ದೀನ್ ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುವುದುಂಟು. ಉಪ್ಪಿನಂಗಡಿಯವರು ಹಲೀಮಕ್ಕ, ಗಂಡ ಮೊಯ್ದೀನನಿಗೆ ಅಲ್ ಮುರಕ್ಕಬಾತಿನಲ್ಲಿ ಅತ್ತರಿನ ಅಂಗಡಿ, ಬರಹಗಾರರ ರೆಸಿಡೆನ್ಸಿಯ ಫ್ಲ್ಯಾಟು, ಊಟ, ವೀಸಾ, ಕಾರು ಎಲ್ಲ ಇವರ ಜವಾಬ್ದಾರಿ, ಬರೆಯುವವರು ಎಂದರೆ ಹೊತ್ತಿಗೆ ಸರಿಯಾಗಿ ಉಣ್ಣಲು ಬಾರದ ಮಕ್ಕಳು ಅಂತ ಅವರ ತೀರ್ಮಾನ, ಮತ್ತೆ ಎಂಥೆಂಥ ಮಕ್ಕಳು — ಹಿಮದವರು, ದ್ವೀಪದವರು, ಕಾಡಿನವರು, ಇಂಡಿಜಿನಸ್ ರೈಟರ್ಸ್ ಎಂದು ಕೊರಳಿಗೆ ಪಟ್ಟಿ ಹಾಕಿ, ಸಿನಿಮಾ ಬರೆಯುವುದನ್ನು ಕಲಿಯಿರಿ ಎಂದು ಜಗತ್ತಿನ ಮೂಲೆಮೂಲೆಯಿಂದ ಕರೆಸಿ ಅಲ್ ಬರ್ಷಾದಲ್ಲಿ ಇಳಿಸಿದ್ದಾರೆ, ಅವರ ನಡುವೆ ಬಂಡೀಪುರದ ಅಂಚಿನ ಹಾಡಿಯ ಜೇನುಕುರುಬರ ಹುಡುಗಿ, ಮೈಸೂರಿನಲ್ಲಿ ಬಿ.ಎ. ಮುಗಿಸಿದರೂ ಹಾಸ್ಟೆಲಿನಲ್ಲಿ ಡೈರಿಯ ಹೊರತು ಯಾರ ಜೊತೆಗೂ ಗಟ್ಟಿಯಾಗಿ ಮಾತಾಡದ ಮುತ್ತಿ, ಇದು ನಾನೇನಾ, ಈ ಕಾರಿನಲ್ಲಿ, ಈ ಗಾಜಿನ ಕಾಡಿನಲ್ಲಿ. ಇವತ್ತು ಅಬುಧಾಬಿಗೆ ಹೋಗುವುದು, ಅಲ್ಲಿ ಸಿನಿಮಾ ಮಾಡಿಸುವವರು ಕೂತಿರುತ್ತಾರಂತೆ, ಒಬ್ಬೊಬ್ಬರಾಗಿ ಒಳಗೆ ಹೋಗಿ ಕಥೆ ಹೇಳಿ ಒಪ್ಪಿಸಬೇಕು, ಪಿಚ್ ಅನ್ನುತ್ತಾರೆ ಅದಕ್ಕೆ, ಒಪ್ಪಿದರೆ ಹಾಡಿಗೆ ಕ್ಯಾಮೆರಾ ಬರುತ್ತದೆ, ಒಪ್ಪದಿದ್ದರೆ ಮುತ್ತಿ ಒಬ್ಬಳೇ ಹೋಗುತ್ತಾಳೆ — ಥರ್ಡ್ ಆಕ್ಟ್ ಮಾತ್ರ ನಾನು ಹೇಳ್ತೀನಮ್ಮ, ಮುಂದಿನ ಸೀಟಿನಿಂದ ಶಾಮಸುಂದರ್ ಸರ್, ತೊಡೆಯ ಮೇಲೆ ಲ್ಯಾಪ್‌ಟಾಪು, ಬೆಂಗಳೂರು ಬಿಟ್ಟು ಇಲ್ಲಿ ಸಿನಿಮಾ ಬರೆದೂ ಬರೆದೂ ತಲೆ ನರೆತಿದೆ, ಅವಳ ಕಥೆಗೆ ಗೊತ್ತು ಮಾಡಿದ ಗುರು, ಅವಳ ಇಂಗ್ಲಿಷೂ ಅವರೇ, ಅವಳು ಕನ್ನಡದಲ್ಲಿ ಹೇಳಿದ್ದು ಅವರ ಬಾಯಲ್ಲಿ ಇಂಗ್ಲಿಷಾಗಿ ಹೊರಬರುತ್ತದೆ — ಬಾಮೈದ ಕತ್ತಿ ತೆಗೆದು ಹಗ್ಗದ ಮೇಲೆ ಇಟ್ಟ ಅನ್ನುವಾಗ ಒಂದು ಪಾಝ್ ಕೊಡ್ತೀನಿ, ಮಾತು ನಿಲ್ಲಿಸ್ತೀನಿ, ರೂಮಲ್ಲಿ ಒಬ್ಬರ ಉಸಿರೂ ಕೇಳಬಾರದು, ಆಮೇಲೆ ಕೊಯ್ತಾನೆ, ಸರಿನಾ? ಮುತ್ತಿ ಏನೂ ಅನ್ನಲಿಲ್ಲ. ಗುಡ್, ಅಂದರು ಸರ್.

ಮತ್ತೆ ಅದೇ ಆಯಿತು, ಮತ್ತೆ ಸುಮ್ಮನಿದ್ದೆ, ಮತ್ತೆ ಅದು ಒಪ್ಪಿಗೆಯಾಯಿತು — ಅವಳು ತಂದ ಕಥೆಯಲ್ಲಿ ಕತ್ತಿಯೇ ಇರಲಿಲ್ಲ, ಒಂದು ಬಂಡೆ, ಒಂದು ಹಗ್ಗ, ಕೆಳಗೊಬ್ಬ, ಮೇಲೊಬ್ಬ, ಅಷ್ಟೇ, ಹೆಜ್ಜೇನು ಕಟ್ಟುವುದು ಬಂಡೆಯ ಹೊಟ್ಟೆಗೆ, ಇಳಿಯುವವನು ಹೊಗೆ ಹಿಡಿದು ಇಳಿಯುತ್ತಾನೆ, ಮೇಲೆ ಹಗ್ಗ ಹಿಡಿಯುವವನು ಮಾತ್ರ ಯಾರೋ ಒಬ್ಬ ಆಗುವಂತಿಲ್ಲ, ಬೆನ್ನಿಗೆ ಬಿದ್ದ ತಮ್ಮನೂ ಅಲ್ಲ, ಬಾಮೈದನೇ ಆಗಬೇಕು, ಹೆಂಡತಿಯ ಅಣ್ಣನೋ ತಮ್ಮನೋ, ಯಾಕಜ್ಜಿ ಎಂದು ಕೇಳಿದ್ದಕ್ಕೆ ಅಜ್ಜಿ ಎಲೆಅಡಿಕೆ ಉಗಿದು ಹೇಳಿದ್ದಳು, ಅಣ್ಣತಮ್ಮ ಹಿಡುದ್ರೆ ಪಾಲು ನೆನೀತನೆ ಕನವ್ವ, ಬಾಮೈದ ಹಿಡುದ್ರೆ ಅಕ್ಕನ ಕಣ್ಣೀರ ನೆನೀತನೆ — ಹಾಡಿಯಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖಕ್ಕಿಂತ ಮೊದಲು ಅವಳ ತಮ್ಮನ ಅಂಗೈ ನೋಡುತ್ತಾರೆ, ಮುತ್ತಿಯ ಅಪ್ಪ ಅಂತೂ ಈಗಲೂ ಹೇಳುತ್ತಾನೆ, ನಾನು ಲಗ್ನ ಆದದ್ದು ಪುಟ್ಟಮ್ಮನ್ನಲ್ಲ, ಅವಳ ತಮ್ಮ ಕಾಳನ ಕೈಯ, ಅವ್ವ ಸೌಟು ಎತ್ತುತ್ತಾಳೆ — ಇದನ್ನೆಲ್ಲ ಅವಳು ಅಲ್ ಬರ್ಷಾದ ಪಾಠದ ರೂಮಿನಲ್ಲಿ ತೊದಲುತ್ತಾ ಹೇಳಿದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದ್ದರು, ಬೋರ್ಡಿನ ಮೇಲೆ ಅವಳ ಕಥೆಯ ಕಾರ್ಡುಗಳು, ಬಂಡೆಗೊಂದು, ಹೊಗೆಗೊಂದು, ಕಾಳಮಾವನಿಗೊಂದು, ಎಷ್ಟು ಚೆನ್ನಾಗಿತ್ತು ಆ ಬೆಳಗ್ಗೆ, ಅಜ್ಜಿಯ ಮಾತು ಇಷ್ಟು ದೂರ ಬಂದು ಗೋಡೆ ಹತ್ತಿತಲ್ಲ ಎಂದು ಅವಳ ಎದೆ ಉಬ್ಬಿತ್ತು, ಆಮೇಲೆ ಸರ್ ಕೇಳಿದರು, ಸರಿ, ಜೇನು ಎದ್ದವು, ಆಮೇಲೆ? ಹಿಡ್ಕೊಂಡಿರ್ತಾನೆ ಸರ್. ಹಿಡ್ಕೊಂಡು? ಹಿಡ್ಕೊಂಡೇ ಇರ್ತಾನೆ. ಮುತ್ತಿ, ಸಿನಿಮಾ ಅಂದ್ಮೇಲೆ ಏನೋ ಒಂದು ಆಗ್ಬೇಕಲ್ಲಮ್ಮ, ಎಂದು ಅವರು ಬೋರ್ಡಿನ ಮುಂದೆ ಆಚೀಚೆ ನಡೆದರು, ನಿಂತರು, ಕಣ್ಣು ಹೊಳೆಯಿತು, ಇಡೀ ಜಗತ್ತು ಯಾರನ್ನ ನಂಬುತ್ತೋ ಅವನೇ ಹಗ್ಗ ಕೊಯ್ದ್ರೆ? ರೂಮು ಓಹ್ ಎಂದಿತು. ಸರ್ ಅವಳ ಕಡೆ ತಿರುಗಿದರು. ಮುತ್ತಿ ನೆಲ ನೋಡಿದಳು, ಬಾಯಿ ಬಿಗಿದು ಕೂತಳು, ಹಾಡಿಯಲ್ಲಿ ಹಿರಿಯರು ಆಡಬಾರದ್ದು ಆಡಿದರೆ ಹಾಗೇ, ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಯಾರೂ ಹೇಳುವುದಿಲ್ಲ, ಒಪ್ಪಿಗೆ ಇದ್ದರೆ ಹೂಂ ಅನ್ನುತ್ತಾರೆ, ಇಲ್ಲದಿದ್ದರೆ ನೆಲ ನೋಡುತ್ತಾರೆ, ಆ ಸುಮ್ಮನೆಯೊಳಗೆ ಮಾತು ತಾನಾಗಿ ಸಾಯುತ್ತದೆ, ಹಿರಿಯರು ಕೆಮ್ಮಿ ಬೇರೆ ವಿಷಯಕ್ಕೆ ಹೋಗುತ್ತಾರೆ, ಮಾನ ಇಬ್ಬರದೂ ಉಳಿಯುತ್ತದೆ — ಸರ್ ಕೆಮ್ಮಲಿಲ್ಲ. ಗ್ರೇಟ್, ಎಲ್ಲರೂ ಒಪ್ಪಿದ ಹಾಗಾಯ್ತು, ಎಂದು ಕೆಂಪು ಕಾರ್ಡು ಬರೆದು ಕೊನೆಯ ಸಾಲಿಗೆ ಚುಚ್ಚಿದರು, ನಾಳೆ ತೆಗೆಯುತ್ತಾರೆ ಎಂದು ಅವಳು ಕಾದಳು, ನಾಳೆ ಅದರ ಪಕ್ಕಕ್ಕೆ ಇನ್ನೊಂದು ಬಂತು, ಬಾಮೈದನಿಗೆ ಯಾಕೆ ಸಿಟ್ಟು, ಮತ್ತೊಂದು ಬಂತು, ಕತ್ತಿ ಎಲ್ಲಿ ಬಚ್ಚಿಟ್ಟಿದ್ದ, ಪ್ರತಿಯೊಂದಕ್ಕೂ ಅವಳು ನೆಲ ನೋಡಿದಳು, ಇನ್ನೂ ಹೆಚ್ಚು ಹೊತ್ತು ನೋಡಿದಳು, ಅವಳ ನೆಲ ನೋಡುವಿಕೆಯ ಮೇಲೇ ಇಡೀ ಮೂರನೇ ಅಂಕ ಕಟ್ಟಿಬಿಟ್ಟರು.

ಊರಿಂದ ಫೋನು, ಇವತ್ತು ಬೆಳಗ್ಗೆ, ಅವ್ವ — ಉಂಡ್ಯಾ ಮಗ, ಅಲ್ಲಿ ಸೊಪ್ಪು ಸಿಕ್ತದಾ, ಇಲ್ಲಿ ನಿಮ್ಮಾವ ತಲೆ ತಿಂತಾವ್ನೆ, ನಾನು ಸಿನಿಮಾದಲ್ಲಿ ಬತ್ತೀನಾ ಅಂತ — ಹಿಂದಿನಿಂದ ಕಾಳಮಾವನ ದನಿ, ಮೊಕ ಬ್ಯಾಡ ಅನ್ನು ಅಕ್ಕ, ಮೊಕ ಚೆನ್ನಾಗಿಲ್ಲ, ಕೈ ತೋರ್ಸ್ಲಿ, ಕೈ ಸಾಕು — ಆ ಕೈ, ಎರಡೂ ಅಂಗೈಗೆ ಅಡ್ಡಲಾಗಿ ಹಾವು ಮಲಗಿದಂಥ ಗುರುತು, ಬೆರಳು ಪೂರ್ತಿ ಮಡಚುವುದಿಲ್ಲ, ಮುದ್ದೆಯನ್ನು ಹಕ್ಕಿ ಕುಕ್ಕಿದಂತೆ ತುದಿಬೆರಳಲ್ಲಿ ಮುರಿಯುತ್ತಾನೆ — ಅವತ್ತು ಗಾಳಿ ತಿರುಗಿತು, ಚಿಕ್ಕವಳು ಮುತ್ತಿ, ಅವ್ವನ ಜೊತೆ ಎದುರಿನ ದಿಬ್ಬದ ಮೇಲೆ, ಅಪ್ಪ ಬಂಡೆಯ ನಡುವಿನಲ್ಲಿ ಒಂದು ಕಪ್ಪು ಚುಕ್ಕಿ, ಹೊಗೆ ಅವನನ್ನು ಸುತ್ತಿಕೊಂಡು ಕಾಪಾಡಿತು, ಜೇನು ಮೇಲಕ್ಕೆ ಎದ್ದವು, ಬಂಡೆಯ ಚರ್ಮವೇ ಸುಲಿದು ಎದ್ದಂತೆ, ನೇರ ಮೇಲೆ ನಿಂತಿದ್ದ ಮಾವನ ಮೇಲೆ, ಮತ್ತಿಮರಕ್ಕೆ ಹಗ್ಗ ಒಂದು ಸುತ್ತು ಹಾಕಿ ಕೊನೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಮುಖ ಒರೆಸಿಕೊಳ್ಳಲು ಮೂರನೇ ಕೈ ಇಲ್ಲ, ಅವನ ಮುಖ ಇದ್ದಲ್ಲಿ ಮುಖ ಇರಲಿಲ್ಲ, ಕುದಿಯುವ ಕಪ್ಪು ಇತ್ತು, ಬುಡು ಅಂತ ಕೂಗಲಿಲ್ಲ ಅವ್ವ, ಹಿಡಿ ಅಂತಲೂ ಕೂಗಲಿಲ್ಲ, ಒಬ್ಬ ತಮ್ಮ, ಒಬ್ಬ ಗಂಡ, ಅವಳ ಕೈ ಮುತ್ತಿಯ ಹೆಗಲಿನಲ್ಲಿ ನಾಟಿಕೊಂಡಿತ್ತು, ಅಪ್ಪನಿಗೆ ಏನೂ ಗೊತ್ತಿಲ್ಲ, ಕೆಳಗೆ ಜೇನುರೊಟ್ಟು ಕೊಯ್ಯುತ್ತಾ ಜೇನಿಗೆ ಹಾಡು ಹೇಳುತ್ತಿದ್ದಾನೆ, ಹಾಡು ತೇಲಿ ಬರುತ್ತಿದೆ, ಮೇಲೆ ಮಾವ ಒಂದು ಸದ್ದಿಲ್ಲ, ಕೂಗಿದರೆ ಕೆಳಗಿನವನು ಬೆಚ್ಚುತ್ತಾನೆ ಅಂತ, ಹಗ್ಗ ಅಲುಗಿದರೆ ಹೆದರುತ್ತಾನೆ ಅಂತ ಅಲುಗದೆ, ಆ ಬಿಸಿಲು, ಆ ಹಾಡು, ಆ ಸುಮ್ಮನೆ — ಆಮೇಲೆ? ಆಮೇಲೆ ಅಪ್ಪ ಜೇನಿನ ಸಮೇತ ಮೇಲೆ ಬಂದ. ಮಾವನ ಬೆರಳನ್ನು ಹಗ್ಗದಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಇಬ್ಬರೂ ಜ್ವರ ಬಂದು ಒಂದೇ ಚಾಪೆಯಲ್ಲಿ ಮಲಗಿದರು, ಅವ್ವ ಗಂಜಿ ಕುಡಿಸಿದಳು. ಅಷ್ಟೇನಾ, ಎಂದಿದ್ದರು ಶಾಮ್ ಸರ್, ಕೆಟ್ಟ ಮನಸ್ಸಿನಿಂದ ಅಲ್ಲ, ಮಕ್ಕಳು ಕಥೆ ಮುಗಿದ ಮೇಲೆ ಕೇಳುವಂತೆ — ಅಷ್ಟೇ ಸರ್, ಅದಕ್ಕಿಂತ ದೊಡ್ಡದನ್ನು ನಾನು ಈವರೆಗೆ ನೋಡಿಲ್ಲ, ಈ ಊರಿನಲ್ಲೂ ನೋಡಲಿಲ್ಲ, ಎಂದು ಹೇಳಬೇಕಿತ್ತು, ಡೈರಿಯಲ್ಲಿ ಬರೆದಳು, ಡೈರಿಗೆ ಹೇಳಿದರೆ ಯಾರಿಗೆ ಕೇಳಿಸಿತು. ಸಿನಿಮಾ ಆದರೆ ಹಾಡಿಯ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸುತ್ತಾರೆ, ಮಾವ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ತನ್ನ ಕೈ ಬರಲಿ ಎಂದು ಕಾಯುತ್ತಾ, ಬರುತ್ತದೆ, ಕತ್ತಿ ಹಿಡಿದು.

ಮರಳು, ಮರಳು, ಬೇಲಿಯಾಚೆ ಮರಳು, ಅದರ ಮೇಲೆ ಬೆಳಗಿನ ಮಂಜು ಹಾಲು ಚೆಲ್ಲಿದಂತೆ, ಮಂಜಿನ ಮೇಲೆ ಒಂಟೆಗಳ ಕತ್ತು ಮಾತ್ರ ತೇಲುತ್ತಿದೆ, ದೇವರೇ, ಇದೂ ಒಂದು ಕಾಡೇ, ಮರ ಇಲ್ಲದ ಕಾಡು — ಒಂಟೆಗಳು ಪಿಚ್ ಕೊಡಲು ಹೊರಟಿವೆ, ಅಂದಳು ಅರೋಹಾ, ಪಕ್ಕದಲ್ಲಿ ಕೂತ ನ್ಯೂಜಿಲೆಂಡಿನ ಮಾವೊರಿ ಹುಡುಗಿ, ಮುತ್ತಿಯ ಫ್ಲ್ಯಾಟಿನವಳು, ಇಂಗ್ಲಿಷನ್ನು ಅವಳಿಗಾಗಿ ಮೆಲ್ಲಗೆ, ಅಗಿದು ಮಾತಾಡುವವಳು, ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಿತು, ಸರ್ ಫೋನು ಕಿವಿಗಿಟ್ಟುಕೊಂಡು ದೂರ ಹೋದರು, ಹಲೀಮಕ್ಕ ಕಾಗದದ ಲೋಟಗಳಲ್ಲಿ ಕರಕ್ ಚಾ ತಂದರು, ಏಲಕ್ಕಿಯ ಹಬೆ, ನಾಲಿಗೆ ಸುಡುವ ಸಿಹಿ — ನಿನಗೆ ಆ ಕತ್ತಿ ಇಷ್ಟ ಇಲ್ಲ ಅಲ್ವಾ, ಅರೋಹಾ ಕೇಳಿಯೇಬಿಟ್ಟಳು, ಮೊದಲ ದಿನದಿಂದ ನೋಡುತ್ತಿದ್ದೇನೆ, ಯಾಕೆ ಹೇಳಲಿಲ್ಲ? ಹೇಳಿದೆನಲ್ಲ, ಎಂದಳು ಮುತ್ತಿ, ದಿನಾ ಹೇಳಿದೆ. ಯಾವಾಗ? ಸುಮ್ಮನಿದ್ದೆನಲ್ಲ. ಅರೋಹಾ ಅವಳನ್ನೇ ನೋಡಿದಳು, ನಗಲಿಲ್ಲ, ನಮ್ಮಲ್ಲಿ ಸುಮ್ಮನಿದ್ದರೆ ಎಬ್ಬಿಸಿ ನಿಲ್ಲಿಸಿ ಮಾತಾಡಿಸುತ್ತಾರೆ ಕಣೇ, ಅನ್ನುವಂಥದ್ದೇನೋ ಅಂದಳು, ಹಲೀಮಕ್ಕನಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು, ಬಾಮೈದ, ಹಗ್ಗ, ಕೆಂಪು ಕಾರ್ಡು, ನೆಲ, ಅವರು ಲೋಟ ಕೆಳಗಿಟ್ಟು ಹಣೆ ಚಚ್ಚಿಕೊಂಡರು, ಅಲ್ಲಾ ಮಾರಾಯ್ತಿ, ನಮ್ಮಲ್ಲಿ ನಿಕಾಹಿಗೆ ಕೇಳುವಾಗ ಹುಡುಗಿ ಸುಮ್ಮನಿದ್ದರೆ ಒಪ್ಪಿದಳು ಅಂತ ಲೆಕ್ಕ, ನಾನು ನಾಚಿಕೆಯಲ್ಲಿ ಬಾಯಿ ಮುಚ್ಚಿ ಕೂತದ್ದು, ತಲೆ ಎತ್ತುವಾಗ ಮೊಯ್ದೀನ್ ಬಂದು ಪಕ್ಕದಲ್ಲಿ ಕೂತಾಗಿದೆ, ನನ್ನ ಪುಣ್ಯ ಜನ ಒಳ್ಳೇದು ಸಿಕ್ಕಿತು, ನಿನ್ನದು ಹಾಗಲ್ಲ, ನಿನ್ನ ಮಾವನ ಮರ್ಯಾದೆ, ಬಾಯಿ ಬಿಟ್ಟು ಹೇಳು, ಶಾಮಣ್ಣ ಹುಲಿಯಾ ಎಂತ ತಿನ್ನಲಿಕ್ಕೆ, ಈ ದೇಶದಲ್ಲಿ ಇಲ್ಲ ಅನ್ನಲಿಕ್ಕೆ ಮಾಫಿ ಹೇಳುವುದು, ಮಾಫಿ ಅಂದರೆ ಖಲಾಸ್, ಮಾತು ಮುಗಿಯಿತು — ಸಿನಿಮಾ ಹೋದರೆ ಹಲೀಮಕ್ಕ? ಹಲೀಮಕ್ಕ ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು, ಯಲ್ಲಾ, ಹತ್ತಿ ಎಲ್ಲ, ತಡ ಆಯ್ತು. ಹಿರಿಯರಿಗೆ ಇಲ್ಲ ಎನ್ನುವುದು, ಅದೂ ನಾಲ್ಕು ಜನರ ಮುಂದೆ, ಸರ್ ಕಲಿಸಿದ್ದೆಷ್ಟು, ರಾತ್ರಿ ಪಾಠ, ಬೆಳಗ್ಗೆ ಪಾಠ, ನಿನ್ನ ಕಣ್ಣಲ್ಲಿ ಕ್ಯಾಮೆರಾ ಇದೆಯಮ್ಮ ಎಂದವರು, ಆ ಮಾತಿಗೆ ಅವಳು ಎರಡು ದಿನ ನಿದ್ದೆಗೆಟ್ಟಿದ್ದಳು ಖುಷಿಯಿಂದ, ಅವರ ಮುಖಕ್ಕೆ ಹೊಡೆದಂತೆ — ಕಾರು ಸೇತುವೆ ಏರಿತು, ಎರಡೂ ಕಡೆ ನೀರು, ಕಾಡುಪಾರಿವಾಳದ ಕತ್ತಿನ ಬಣ್ಣದ ನೀರು, ಉಪ್ಪಿನ ಗಾಳಿ, ದೂರದಲ್ಲಿ ಕಟ್ಟಡಗಳು ನೀರಿನಿಂದಲೇ ಮೊಳೆತು ನಿಂತಂತೆ.

ಲಿಫ್ಟು ಏರಿದ್ದೇ ಗೊತ್ತಾಗಲಿಲ್ಲ, ಕಿವಿ ಮುಚ್ಚಿಕೊಂಡಿತು, ಅಷ್ಟೇ, ಬಾಗಿಲು ತೆರೆದಾಗ ಸಮುದ್ರ ಕಾಲ ಕೆಳಗೆ ಇತ್ತು, ಹಕ್ಕಿ ಕೆಳಗೆ ಹಾರುತ್ತಿತ್ತು, ಹಕ್ಕಿಯ ಬೆನ್ನು ನೋಡಿದ್ದೇ ಮೊದಲು, ಅರೋಹಾ ಹೊರಗೆ ಉಳಿದಳು, ಮುತ್ತಿ ಒಳಗೆ ಹೋಗುವಾಗ ಹಣೆಗೆ ಹಣೆ ತಾಗಿಸಿದಳು, ಅವರ ಕಡೆಯ ರೂಢಿ, ಬಿಸಿ ಉಸಿರು — ಒಳಗೆ ಉದ್ದದ ಮೇಜು, ಕಪ್ಪು ಅಬಾಯಾದ ಒಬ್ಬ ಹೆಂಗಸು, ನಡುವಯಸ್ಸು, ಕಣ್ಣು ಮೃದು, ಕಾಲುಮುಟ್ಟುವ ಬಿಳಿ ನಿಲುವಂಗಿ, ಕಂದೂರ, ತೊಟ್ಟ ಒಬ್ಬ ಗಂಡಸು, ಅತ್ತರಿನ ವಾಸನೆ, ಚಿಕ್ಕ ಬಟ್ಟಲಲ್ಲಿ ಕಾಫಿ, ಖರ್ಜೂರ, ವೆಲ್ಕಮ್ ಮುತ್ತಿ, ಎಂದಳು ಹೆಂಗಸು, ಹೆಸರನ್ನು ಜೋಪಾನವಾಗಿ, ಒಡೆಯಬಾರದ್ದನ್ನು ಎತ್ತಿಕೊಂಡಂತೆ, ಅವರ ಹಿಂದೆ ನೆಲದಿಂದ ಸೂರಿನವರೆಗೆ ಗಾಜು, ಗಾಜಿನ ತುಂಬ ಬೆಳಕು, ಸರ್ ಶುರು ಮಾಡಿದರು, ಚೆನ್ನಾಗಿ ಹೇಳುತ್ತಾರೆ, ಎಷ್ಟು ಚೆನ್ನಾಗಿ ಹೇಳುತ್ತಾರೆ, ಬಂಡೆ ಬಂತು, ಹೊಗೆ ಬಂತು, ಅಜ್ಜಿಯ ಮಾತು ಇಂಗ್ಲಿಷಿನಲ್ಲಿ ಬಂತು, ಬಿಳಿ ಕಂದೂರದವನು ಬಟ್ಟಲು ಕೆಳಗಿಟ್ಟು ಮುಂದಕ್ಕೆ ಬಾಗಿದ, ಆಗ ಗಾಜಿನಾಚೆ ಮೇಲಿನಿಂದ ಒಂದು ಗೆರೆ ಇಳಿಯಿತು, ತೆಳ್ಳಗೆ, ಬೆಳಕಿನಲ್ಲಿ ಕಾಣದಷ್ಟು, ಆಮೇಲೆ ಎರಡು ಪಾದ, ಬೂಟಿನ ಅಡಿ, ಮೊಳಕಾಲು, ಸೊಂಟಕ್ಕೆ ತೂಗುವ ಬಕೆಟ್ಟು, ಹೆಲ್ಮೆಟ್ಟಿನ ಕೆಳಗೆ ಒಂದು ಕಂದು ಮುಖ, ಗಾಜು ಒರೆಸುವವನು — ನೇತಾಡುತ್ತಿದ್ದಾನೆ, ಸಮುದ್ರದ ಮೇಲೆ, ಹಕ್ಕಿಗಳ ಮೇಲೆ, ಕಾಲಿನಿಂದ ಗಾಜನ್ನು ಮೆಲ್ಲಗೆ ತಳ್ಳಿ ಹಿಂದಕ್ಕೆ ಹೋಗಿ ಮತ್ತೆ ಬಂದು ನಿಲ್ಲುತ್ತಾನೆ, ನೊರೆ ಬಳಿಯುತ್ತಾನೆ, ಎಳೆಯುತ್ತಾನೆ, ತುಟಿ ಅಲುಗುತ್ತಿದೆ, ಏನೋ ಹಾಡಿಕೊಳ್ಳುತ್ತಿದ್ದಾನೆ, ಹಾಡಿಕೊಳ್ಳುತ್ತಿದ್ದಾನೆ, ರೂಮಿನಲ್ಲಿ ಯಾರೂ ತಿರುಗಿ ನೋಡಲಿಲ್ಲ, ಅವಳಿಗೆ ಅವನ ಮುಖವೂ ಬೇಡ, ಅವಳು ನೋಡುವುದು ಅವನ ತಲೆಯ ಮೇಲಿನ ಹಗ್ಗ, ಅದು ಮೇಲಕ್ಕೆ ಹೋಗುತ್ತದೆ, ಸೂರಿನಂಚಿನಲ್ಲಿ ಕಾಣದಾಗುತ್ತದೆ, ಕಂಬಕ್ಕೋ ಕೊಂಡಿಗೋ ಕಟ್ಟಿರುತ್ತಾರೆ, ಗೊತ್ತು, ಆದರೂ ಮೇಲೆ ಯಾರೋ ಇರಲೇಬೇಕು, ಗಂಟು ನೋಡಿಕೊಳ್ಳುವವನು, ಬಿಸಿಲಲ್ಲಿ ನಿಂತವನು, ಯಾರ ಸಿನಿಮಾದಲ್ಲೂ ಬರದವನು — ಆ್ಯಂಡ್ ದೆನ್, ಎಂದರು ಸರ್, ದನಿ ಇಳಿಸಿ, ಬಾಮೈದನ ಕೈ ಸೊಂಟಕ್ಕೆ ಹೋಯಿತು, ಕತ್ತಿ ಹೊರಬಂತು, ಹಗ್ಗದ ಮೇಲೆ ಕೂತಿತು, ಪಾಝ್, ಒಬ್ಬರ ಉಸಿರೂ ಕೇಳುತ್ತಿಲ್ಲ, ಮುತ್ತಿಯ ಕಣ್ಣು ಅಭ್ಯಾಸದಂತೆ ನೆಲ ಹುಡುಕಿತು, ಇಲ್ಲಿ ನೆಲವೂ ಹೊಳೆಯುತ್ತದೆ, ನೆಲದೊಳಗೂ ಹಗ್ಗ ನೇರವಾಗಿ ನಿಂತಿದೆ, ನೋಡಲು ನೆಲವೇ ಇಲ್ಲ — ನೋ.

ಯಾರು ಅಂದದ್ದು, ಎಷ್ಟು ಗಟ್ಟಿ, ಯಾರದು ಈ ದನಿ, ಎಲ್ಲರೂ ಅವಳನ್ನು ನೋಡುತ್ತಿದ್ದಾರೆ, ಹಾಗಾದರೆ ನನ್ನದೇ, ಸರ್ ಅವಳ ಕಡೆ ಬಾಗಿದರು, ಏನಮ್ಮ, ಟೆನ್ಶನ್ನಾ, ನೀರು ಬೇಕಾ? ಕೊಯ್ಯಲ್ಲ ಸರ್. ಏನು? ಕೊಯ್ಯಲ್ಲ, ಕತ್ತಿ ಇಲ್ಲ ಅವನತ್ರ, ಕೊಯ್ಯಲ್ಲ ಅಂತ ಅವರಿಗೆ ಹೇಳಿ — ಮುತ್ತಿ, ಎಷ್ಟು ದಿನದಿಂದ ಒಪ್ಕೊಂಡು ಈಗ, ಇಲ್ಲಿ? ಒಪ್ಪಿಲ್ಲ ಸರ್, ಒಂದು ದಿನವೂ ಹೂಂ ಅಂದಿಲ್ಲ, ನೆನೆಸಿಕೊಳ್ಳಿ — ಅವರು ನೆನೆಸಿಕೊಂಡರು, ಅದು ಅವರ ಮುಖದಲ್ಲಿ ಕಂಡಿತು, ದಿನ ಹಿಂದಿನ ದಿನ ಅದರ ಹಿಂದಿನ ದಿನ, ಕಾರ್ಡು ಕಾರ್ಡು ಹಿಂದಕ್ಕೆ ಹೋಗಿ ಎಲ್ಲೂ ಹೂಂ ಸಿಗದೆ ವಾಪಸು ಬಂದ ಮುಖ, ಕೆಂಪಾಯಿತು, ಕನ್ನಡಕ ತೆಗೆದರು, ಹಾಕಿಕೊಂಡರು, ಮೇಜಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಚೂರೂ ಬಣ್ಣ ಹಚ್ಚದೆ, ಬರೆದವಳು ಹೇಳುತ್ತಿದ್ದಾಳೆ, ಅವನು ಕೊಯ್ಯುವುದಿಲ್ಲ, ಎಂದರು. ಹಾಗಾದರೆ ಏನು ಮಾಡುತ್ತಾನೆ, ಎಂದಳು ಅಬಾಯಾದ ಹೆಂಗಸು. ಹಿಡ್ಕೊಂಡಿರ್ತಾನೆ. ಹೀ ಹೋಲ್ಡ್ಸ್, ಎಂದರು ಸರ್. ಬಿಳಿ ಕಂದೂರದವನ ಹುಬ್ಬು ಕೂಡಿತು, ಆ್ಯಂಡ್ ದೆನ್? — ಮುತ್ತಿ ಬಾಯಿ ತೆರೆಯುವ ಮುಂಚೆ ಶಾಮ್ ಸರ್, ಅವಳನ್ನು ಕೇಳದೆ, ತಗ್ಗಿದ ದನಿಯಲ್ಲಿ, ಹೀ ಹೋಲ್ಡ್ಸ್, ಎಂದರು, ಮತ್ತೆ. ಗಂಡಸು ಕುರ್ಚಿಗೆ ಒರಗಿದ, ಮುಂದಿದ್ದ ಕಾಗದವನ್ನು ಮೆಲ್ಲಗೆ ಮಗುಚಿ ಇಟ್ಟ, ಒಳ್ಳೆಯವನೇ, ನೋಯಿಸಬಾರದು ಎಂದು ಮೆಲ್ಲಗೆ ಮಗುಚಿದ, ಹಾಗಾದರೆ ಹೋಯಿತಾ, ಬಿಳಿ ಬಟ್ಟೆ, ಶಾಲೆಯ ಗೋಡೆ, ಹೋಯಿತೇನೋ, ಅಳು ಬರಬೇಕಿತ್ತು, ಬರಲಿಲ್ಲ, ಹೆಂಗಸು ಮಾತ್ರ ಇನ್ನೂ ಕಾಗದ ಮಗುಚಿಲ್ಲ, ಎಷ್ಟು ಹೊತ್ತು, ಎಂದು ಕೇಳುತ್ತಿದ್ದಾಳೆ, ಎಷ್ಟು ಹೊತ್ತು ಹಿಡಿದಿರುತ್ತಾನೆ, ಮುತ್ತಿ ಗಾಜನ್ನು ನೋಡುತ್ತಾಳೆ, ಅವಳ ಕಣ್ಣು ಹೋದ ಕಡೆಗೆ ಹೆಂಗಸೂ ಕುರ್ಚಿಯಲ್ಲಿ ತಿರುಗಿದಳು, ಒರೆಸುವವನು ಕೆಳಕ್ಕೆ ಇಳಿದುಹೋಗಿದ್ದಾನೆ, ಭುಜ ಇಲ್ಲ, ಹೆಲ್ಮೆಟ್ಟು ಇಲ್ಲ, ಹಾಡುವ ತುಟಿ ಇಲ್ಲ, ಗಾಜಿನಾಚೆ ಹಗ್ಗ ಒಂದೇ, ಬಿಗಿಯಾಗಿ, ಮೇಲಿನಿಂದ ಕೆಳಕ್ಕೆ, ಎರಡು ತುದಿಯೂ ಕಾಣದ ಹಗ್ಗ, ಸಣ್ಣಗೆ ನಡುಗುತ್ತಾ, ಭಾರ ಇದೆ, ಇನ್ನೂ ಭಾರ ಇದೆ, ಬಿಗಿಯಾಗಿ, ಹಗ್ಗ —